ಟ್ರಿಮ್ ಊರಿನ ಸೀಟು

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದವರಿಗೆ ಗೊತ್ತಿರುತ್ತೆ, ಟಿಪ್ಪು ಸತ್ತ ಮೇಲೆ ಅಲ್ಲಿ ಆರ್ಥರ್ ವೆಲ್ಲೆಸ್ಲಿ ವಾಸವಾಗಿದ್ದ ಅಂತ. ಈ ಆಸಾಮಿ ಇಂಡಿಯಾಕ್ಕೆ ಬರೋಕೆ ಮುಂಚೆ ಏನು ಮಾಡ್ಕೊಂಡಿದ್ದ ಅಂತ ಮೊನ್ನೆ ಹುಡುಕ್ತಾ ಕೂತೆ. ಎಂ.ಪಿ. ಆಗಿದ್ದನಂತೆ! ಊರು ಟ್ರಿಮ್.

ಐರ್ಲೆಂಡಿನ ಮೀಥ್ ಕೌಂಟಿಯಲ್ಲಿ, ಬಾಯ್ನ್ ನದಿ ದಡದಲ್ಲಿ, ದೊಡ್ಡ ಕೋಟೆ ಇರೋ ಚಿಕ್ಕ ಊರದು. ಡಬ್ಲಿನ್ನಿನಲ್ಲಿದ್ದ ಐರಿಷ್ ಪಾರ್ಲಿಮೆಂಟಿಗೆ ಅಲ್ಲಿಂದ ಇಬ್ಬರು ಸದಸ್ಯರು. ಹೆಸರಿಗೆ ಚುನಾವಣೆ, ಆದರೆ ಸೀಟು ಹತ್ತಿರದ ಡಾಂಗನ್‌ನಲ್ಲಿದ್ದ ವೆಲ್ಲೆಸ್ಲಿ ಮನೆತನದ ಕೈಯಲ್ಲಿ. 1780ರಲ್ಲಿ ಹಿರಿಯಣ್ಣ ರಿಚರ್ಡ್ ಕೂತ (ಮುಂದೆ ಗವರ್ನರ್ ಜನರಲ್ ಆಗಿ ಶ್ರೀರಂಗಪಟ್ಟಣಕ್ಕೆ ಸೈನ್ಯ ಕಳಿಸಿದವನು ಇವನೇ). 1783ರಲ್ಲಿ ಇನ್ನೊಬ್ಬ ಅಣ್ಣ ವಿಲಿಯಂ. 1790ರಲ್ಲಿ ತಮ್ಮ ಆರ್ಥರ್, ಅದೂ 21 ವರ್ಷ ತುಂಬೋಕೆ ಮುಂಚೆ! ಕ್ಯಾಥೊಲಿಕ್ಕರಿಗಂತೂ 1793ರವರೆಗೆ ವೋಟೇ ಇರಲಿಲ್ಲ.

1800ರಲ್ಲಿ ಐರ್ಲೆಂಡನ್ನ ಬ್ರಿಟನ್ ಜೊತೆ ಸೇರಿಸೋ ಕಾಯಿದೆ ಬಂತು. ಡಬ್ಲಿನ್ನಿನ 300 ಸೀಟುಗಳ ಬದಲು ಲಂಡನ್ನಿನಲ್ಲಿ ಬರೀ 100. ಟ್ರಿಮ್‌ನ ಎರಡೂ ಸೀಟು ಹೋದವು. ಆಗಸ್ಟ್ 1ಕ್ಕೆ ಆ ಕಾಯಿದೆಗೆ ರಾಜನ ಅಂಕಿತ ಬಿತ್ತು. ಸೆಪ್ಟೆಂಬರ್ 10ಕ್ಕೆ ಇಲ್ಲಿ ನಮ್ಮ ಧೋಂಡಿಯ ವಾಘ್‌ನನ್ನ ಟ್ರಿಮ್‌ನ ಮಾಜಿ ಸದಸ್ಯನ ಸೈನ್ಯ ಕೊಂದಿತು.

ನನಗೆ ತಲೆ ಕೆಟ್ಟಿದ್ದು ಇದಕ್ಕಲ್ಲ. ಹೀಗೆ ಸೀಟು ಪೂರ್ತಿ ಕಳಕೊಂಡ ಊರುಗಳಿಗೆ ತಲಾ 15,000 ಪೌಂಡು ಪರಿಹಾರ ಅಂತ ಇತ್ತು. ಯಾರಿಗೆ? ಊರಿನ ಜನಕ್ಕಲ್ಲ, ಸೀಟಿನ 'ಮಾಲೀಕ'ರಿಗೆ! ರಸ್ತೆ ಅಗಲ ಮಾಡುವಾಗ ಸೈಟು ಕಳಕೊಂಡವರಿಗೆ ದುಡ್ಡು ಕೊಡ್ತಾರಲ್ಲ, ಹಾಗೆ.

ಓದಿ ನಕ್ಕೆ. ನಗು ಹೆಚ್ಚು ಹೊತ್ತು ಉಳೀಲಿಲ್ಲ. "ಈ ಸೀಟು ಅವರ ಮನೇದೇ ಬಿಡಪ್ಪಾ" ಅಂತ ನಮ್ಮೂರಲ್ಲಿ ನಾನೇ ಎಷ್ಟು ಸಲ ಹೇಳಿಲ್ಲ? ಒಂದು ಸಲ ಅದೇ ನೆಪ ಹೇಳಿ ವೋಟು ಹಾಕದೆ ಮನೇಲಿ ಮಲಗಿದ್ದೆ. ಸಂಜೆ ಅಮ್ಮ ಶಾಯಿ ಹಾಕಿದ ಬೆರಳು ತೋರಿಸಿ ಸುಮ್ಮನೆ ಒಳಗೆ ಹೋದಳು. ಇವತ್ತಿಗೂ ಆ ಬೆರಳು ನೆನಪಿದೆ. ಟ್ರಿಮ್‌ನವರ ಸೀಟನ್ನ ಕಾನೂನೇ ಒಂದು ಮನೆತನದ ಆಸ್ತಿ ಅಂತ ಒಪ್ಪಿ ಬೆಲೆ ಕಟ್ಟಿತ್ತು. ನಮ್ಮದನ್ನ? ನಾನು ಮಲಗಿದ್ದಲ್ಲೇ ಪುಕ್ಕಟೆ ಬರೆದುಕೊಟ್ಟಿದ್ದೆ.

ಟ್ರಿಮ್ ಈಗ ಮೀಥ್ ವೆಸ್ಟ್ ಕ್ಷೇತ್ರದಲ್ಲಿದೆ. ಜನ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಅಂತ ತಮ್ಮ ಇಷ್ಟದ ಪ್ರಕಾರ ಅಂಕಿ ಬರೀತಾರೆ. ವೆಲ್ಲೆಸ್ಲಿಯ ಕಂಬ ಊರಲ್ಲಿ ಇನ್ನೂ ನಿಂತಿದೆ. ನಿಲ್ಲಲಿ ಬಿಡಿ, ಕಂಬಕ್ಕೆ ವೋಟಿಲ್ಲ :)