ಗಟ್ಟಿಂಗಿನ ದುಡ್ಡು

ಬೆಳಗಿನ ಐದೂವರೆಗೆ ಮಗಳನ್ನು ನುಂಗಂಬಾಕ್ಕಂ ಟೆನಿಸ್ ಸ್ಟೇಡಿಯಮ್ಮಿಗೆ ಬಿಟ್ಟು, ಗೇಟಿನ ಹೊರಗೆ ಕಾಫಿ ಕುಡಿಯುತ್ತಾ ಕಾಯುವುದು ಆರು ವರ್ಷದಿಂದ ನನ್ನ ಪಾಲಿನ ಕೆಲಸ. 2017ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಈ ಊರಿನ ಜೀವನ್ ನೆಡುಂಚೆಳಿಯನ್ ಜತೆ ಚೆನ್ನೈ ಓಪನ್ ಡಬಲ್ಸ್ ಗೆದ್ದದ್ದು ಇಲ್ಲೇ. ಬೋಪಣ್ಣನಿಗಾಗಿ ಕೂಗಿ ನನ್ನ ಗಂಟಲು ಕೆಟ್ಟಿತ್ತು. ಮಗಳ ತಲೆಯಲ್ಲಿ ಕೂತದ್ದು ಮಾತ್ರ ಜೀವನ್: ಅವರು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಟೀಮಿನಲ್ಲಿ ಆಡಿದವರು. ಚೆನ್ನೈನಲ್ಲೇ ಬೆಳೆದ ಸೋಮದೇವ್ ಕೂಡ ಹಾಗೆಯೇ, ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡಿ 2007, 2008 ಎರಡೂ ವರ್ಷ ಅಲ್ಲಿನ ಕಾಲೇಜು ಸಿಂಗಲ್ಸ್ ಚಾಂಪಿಯನ್.

"ಇಲ್ಲೇನಮ್ಮ ಕಡಿಮೆ?" ಎಂದಿದ್ದೆ. ಹೋದ ವರ್ಷ ಇಲ್ಲಿಯದೇ ಒಂದು ಕಾಲೇಜು ಕ್ರೀಡಾ ಕೋಟಾದಲ್ಲಿ ಸೀಟು ಕೊಟ್ಟಿತು, ಫೀಸೂ ಮಾಫಿ. ಊರಿಗೆಲ್ಲ ಫೋನ್ ಮಾಡಿ ಹೇಳಿಕೊಂಡೆವು. ಆಮೇಲೆ ತಿಳಿಯಿತು, ಸೀಟು ಅಂದರೆ ಸೀಟು ಅಷ್ಟೇ. ರ‍್ಯಾಕೆಟ್ಟಿನ ಗಟ್ ಕಿತ್ತರೆ ನನ್ನ ಜೇಬು. ಭುಜ ನೋವಿಗೆ ಫಿಸಿಯೋ, ಅದೂ ನನ್ನ ಜೇಬು. ಅಂತರ ವಿಶ್ವವಿದ್ಯಾಲಯ ಪಂದ್ಯ ಆಡಿ ಬಂದರೆ ಹಾಜರಾತಿ ಕಡಿಮೆ ಎಂಬ ನೋಟಿಸ್! ಈ ಊರಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ಎಂಬತ್ತರ ದಶಕದಲ್ಲೇ ಬ್ರಿಟಾನಿಯಾ ಅಮೃತರಾಜ್ ಅಕಾಡೆಮಿ ಲಿಯಾಂಡರ್ ಪೇಸ್‌ನಂಥ ಹುಡುಗರಿಗೆ ವಸತಿ ಕೊಟ್ಟು ಬೆಳೆಸಿತ್ತು.

ಮೊನ್ನೆ ಅಮೆರಿಕದ ಕೋಚ್ ಒಬ್ಬರು ವೀಡಿಯೊ ಕಾಲ್ ಮಾಡಿದ್ದರು. ರ‍್ಯಾಂಕಿಂಗ್ ಕೇಳುತ್ತಾರೆಂದು ಕಾಗದ ಹಿಡಿದು ಕೂತಿದ್ದೆ. ಮೊದಲು ಕೇಳಿದ್ದು ಭುಜ ಹೇಗಿದೆ ಅಂತ, ಎರಡನೆಯದು ಯಾವ ಸಬ್ಜೆಕ್ಟ್ ಓದುತ್ತೀಯ ಅಂತ. ಪಕ್ಕದಲ್ಲಿ ನನ್ನ ಹೆಂಡತಿ ಕಣ್ಣೊರೆಸಿಕೊಂಡಳು.

ಅವತ್ತೇ ಟೋಫೆಲ್‌ಗೆ ದುಡ್ಡು ಕಟ್ಟಿದೆ. ಆ ತಿಂಗಳ ಗಟ್ಟಿಂಗಿನ ದುಡ್ಡೂ ಅದರಲ್ಲೇ ಹೋಯಿತು.