ಬಲ್ಬು ಮಂಕಾದ ರಾತ್ರಿ

ನಾನಾಗ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಜನವರಿ ತಿಂಗಳು, ಅರೇಬಿಕಾ ಕೊಯ್ಲು ಮುಗಿಯುತ್ತ ಬಂದಿತ್ತು. ಕಣದಲ್ಲಿ ಹರವಿದ ಕಾಫಿಗೆ ಕಾವಲೆಂದು ನಾಲ್ಕೈದು ಜನ ಬೆಂಕಿ ಹಾಕಿಕೊಂಡು ಕೂತಿದ್ದೆವು. ಊರಿನ ಲೈನ್‌ಮ್ಯಾನ್ ಅಣ್ಣನೂ ಇದ್ದ. ಕೆಲಸ ಮುಗಿಸಿ ಮನೆಗೆ ಹೊರಟವನು ಚಳಿ ಕಾಯಿಸಿಕೊಳ್ಳಲು ಬಂದು ಮಾತಿಗೆ ಸಿಕ್ಕಿಬಿದ್ದಿದ್ದ.

ಹಳ್ಳದ ಆಚೆ ಆನೆಗಳು ಬೈನೆ ಮರ ಮುರಿಯುವ ಸದ್ದು. ಹೊಸದೇನಲ್ಲ. ಬೈನೆ ಕಂಡರೆ ಆನೆ ಬಿಡುವುದಿಲ್ಲ. ಹಣೆ ಕೊಟ್ಟು ದೂಡಿ ಬೀಳಿಸಿ, ಕಾಂಡ ಸೀಳಿ, ಒಳಗಿನ ತಿರುಳು ತಿನ್ನುತ್ತದೆ. ಎಲ್ಲಿ ಬಿದ್ದೀತೆಂದು ನೋಡುವ ಗೊಡವೆ ಅದಕ್ಕಿಲ್ಲ. ಆ ಹಳ್ಳದ ಗುಂಟವೇ ನಮ್ಮ 11 ಕೆ.ವಿ. ಲೈನು ಹಾದಿತ್ತು.

ಇದ್ದಕ್ಕಿದ್ದಂತೆ ಪಟಾರ್ ಎಂದಿತು. ಮರಗಳ ಸಂದಿಯಲ್ಲಿ ನೀಲಿ ಬೆಳಕು ಮಿಂಚಿ ಹೋಯಿತು. ಕಣದ ಬಲ್ಬು ಆರಲಿಲ್ಲ, ಮಂಕಾಯಿತು ಅಷ್ಟೆ. ‘ಒಂದು ಫೇಸ್ ಹೋಯ್ತು ಬಿಡಿ’ ಅಂದೆವು. ಅಣ್ಣ ಮಾತ್ರ ದಡಬಡಿಸಿ ಎದ್ದ.

‘ರೈಟ್ರೇ, ತಂತಿ ನೆಲಕ್ಕೆ ಬಿದ್ದಿದೆ. ಲೈನು ಟ್ರಿಪ್ ಆಗಿಲ್ಲ!’

ಹರಿದ ತಂತಿ ಒಣ ತರಗೆಲೆಯ ಮೇಲೆ ಬಿದ್ದರೆ ನೆಲಕ್ಕೆ ಇಳಿಯುವ ಕರೆಂಟು ಕಡಿಮೆ. ಸಬ್‌ಸ್ಟೇಷನ್ನಿನ ಬ್ರೇಕರ್‌ಗೆ ಅದು ಗೊತ್ತೇ ಆಗದಿರಬಹುದು. ತಂತಿ ಜೀವಂತವಾಗಿಯೇ ಬಿದ್ದಿರುತ್ತದೆ. ಅದನ್ನು ಮುಟ್ಟಲೇಬೇಕೆಂದಿಲ್ಲ, ಸುತ್ತಲಿನ ನೆಲದಲ್ಲಿಯೇ ಕರೆಂಟು ಹರಡಿರುತ್ತದೆ. ಕಾಲುಗಳ ನಡುವೆ ಅಂತರ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಆನೆಯ ಮುಂಗಾಲಿಗೂ ಹಿಂಗಾಲಿಗೂ ಎಷ್ಟು ದೂರ, ನೀವೇ ನೋಡಿ.

ನೆಟ್‌ವರ್ಕ್ ಸಿಗುತ್ತಿದ್ದದ್ದು ಪಲ್ಪರ್ ಮನೆಯ ಹಿಂದಿನ ದಿಬ್ಬದ ಮೇಲೆ ಮಾತ್ರ. ಅಲ್ಲಿಗೆ ಓಡಿ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿದೆವು. ಆ ಕಡೆಯವನದು ಒಂದೇ ರಾಗ: ‘ಟ್ರಿಪ್ ಆಗಿಲ್ವಲ್ಲ, ಲೈನು ಸರಿಯಾಗೇ ಇದೆ.’

‘ಟ್ರಿಪ್ ಆಗಿಲ್ಲ ಅಂತಲೇ ಹೇಳ್ತಿರೋದು ಮಾರಾಯ! ಮೊದಲು ಫೀಡರ್ ಆಫ್ ಮಾಡು.’

ಬಲ್ಬುಗಳೆಲ್ಲ ಆರಿದವು. ಆದರೂ ಅಣ್ಣ ಯಾರನ್ನೂ ಹಳ್ಳಕ್ಕೆ ಇಳಿಯಗೊಡಲಿಲ್ಲ. ದಿಬ್ಬದಿಂದಲೇ ಟಾರ್ಚ್ ಬಿಟ್ಟೆವು. ಒಂದು ಹೆಣ್ಣಾನೆ ಮಗ್ಗುಲಾಗಿ ಬಿದ್ದಿತ್ತು. ಬೈನೆಯ ಗರಿ ಇನ್ನೂ ಸೊಂಡಿಲಲ್ಲೇ ಇತ್ತು. ಉಳಿದವು ಒಂದೊಂದಾಗಿ ಹತ್ತಿರ ಬಂದು ಅದರ ಬಾಯಿ, ಕಿವಿ, ಹೊಟ್ಟೆ ಮುಟ್ಟಿ ನೋಡತೊಡಗಿದವು. ತಂತಿ ಅವುಗಳ ಕಾಲ ಕೆಳಗೇ ಇತ್ತು.

2018ರ ಅಕ್ಟೋಬರಿನಲ್ಲಿ ಒಡಿಶಾದ ಢೆಂಕಾನಾಲ್ ಜಿಲ್ಲೆಯಲ್ಲಿ ಜೋತುಬಿದ್ದ 11 ಕೆ.ವಿ. ತಂತಿಗೆ ಸಿಕ್ಕಿ 7 ಆನೆಗಳು ಒಟ್ಟಿಗೆ ಸತ್ತಾಗ, ನನ್ನ ಕಣ್ಮುಂದೆ ಬಂದದ್ದು ಈ ಮುಟ್ಟಿ ನೋಡುವಿಕೆ.

ಬೆಳಿಗ್ಗೆ ಅರಣ್ಯದವರು ಬಂದರು, ಕರೆಂಟಿನವರು ಬಂದರು. ತಂತಿಯ ಎತ್ತರ ನಿಯಮದಂತೆಯೇ ಇದೆ ಎಂದರು. ಇದ್ದಿರಬಹುದು. ರಸ್ತೆಯಲ್ಲದ ಕಡೆ 11 ಕೆ.ವಿ.ಯ ಬರಿ ತಂತಿ 4.6 ಮೀಟರ್ ಎತ್ತರದಲ್ಲಿದ್ದರೆ ಸಾಕೆಂದು 1956ರ ನಿಯಮವೇ ಹೇಳಿತ್ತು. ಸೊಂಡಿಲೆತ್ತಿದ ದೊಡ್ಡ ಆನೆಗೆ ಅದು ಎಟುಕುವ ಎತ್ತರ. ಹುಲ್ಲಿನ ಗಾಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮವೆಂದು ನನ್ನ ಗುಮಾನಿ.

ಮತ್ತೊಂದು ಕಂಬ ನೆಟ್ಟು ತಂತಿ ಏರಿಸುತ್ತೇವೆಂದರು. ಏರಿಸಿದರೂ ಬೈನೆ ಅದಕ್ಕಿಂತ ಎತ್ತರದ ಮರ. ಹೊದಿಕೆಯಿರುವ ಕೇಬಲ್ ಹಾಕಿ ಎಂದ ಅಣ್ಣ, ಬಜೆಟ್ ಇಲ್ಲವಂತೆ. ಹಾಗಾದರೆ ಬೈನೆಗಳನ್ನೇ ಕಡಿಯಿರಿ ಎಂದರು ಸಾಹುಕಾರರು. ಹೆಂಡ ಇಳಿಸುವ ಅಜ್ಜ ಸಿಡಿದೆದ್ದ: ‘ಹಣ್ಣಿಗೆ ಬರೋ ಪುನುಗಿನ ಬೆಕ್ಕು ಎಲ್ಲಿಗೆ ಹೋಗ್ಬೇಕು ಸ್ವಾಮಿ? ಮರ ಮೊದಲಿತ್ತು, ತಂತಿ ಆಮೇಲೆ ಬಂತು.’

ಕೊನೆಗೆ ಲೈನಿನತ್ತ ವಾಲಿದ್ದ ಬೈನೆಗಳನ್ನಷ್ಟೇ ಕಡಿದರು. ಕಾಂಡಗಳನ್ನು ಟ್ರ್ಯಾಕ್ಟರಿಗೆ ಕಟ್ಟಿ, ತಂತಿಯಿಂದ ದೂರ, ಕಾಡಂಚಿನ ಬಯಲಿಗೆ ಎಳೆದು ಹಾಕಿದೆವು. ಕತ್ತಲಾಗುತ್ತಿದ್ದಂತೆ ಅದೇ ಹಿಂಡು ಬಂತು. ಅಣ್ಣ ಯಾರ ಅಪ್ಪಣೆಗೂ ಕಾಯದೆ ನಮ್ಮ ಕಡೆಯ ಸ್ವಿಚ್ ಎಳೆದ. ಸಾಹುಕಾರರು ಬೆಳಗಿನತನಕ ಪಂಪ್‌ಸೆಟ್ಟಿಗೆ ಕರೆಂಟಿಲ್ಲವೆಂದು ಬೈಯುತ್ತಲೇ ಇದ್ದರು.