ರೋಬೋಟ್ ಕೈ ಸತ್ತಿದ್ದಕ್ಕೆ ಅತ್ತವರಿಗೆ

ಈ ರೀಲ್ ನಿಮ್ಮ ಫೀಡಿಗೂ ಬಂದಿರತ್ತೆ. ಗಾಜಿನ ಕೋಣೆಯೊಳಗೆ ದೊಡ್ಡ ರೋಬೋಟ್ ಕೈ, ಸುತ್ತ ರಕ್ತದ ಥರ ಕೆಂಪು ದ್ರವ. ಹರಡಿದ್ದನ್ನ ಮತ್ತೆ ಮತ್ತೆ ಬಳಿದು ತನ್ನ ಹತ್ರಕ್ಕೆ ಎಳ್ಕೊಳ್ತಾನೇ ಇರತ್ತೆ. ಅದು ಅದರದೇ ಆಯಿಲ್ ಅಂತೆ, ಖಾಲಿಯಾದ್ರೆ ಸಾಯತ್ತಂತೆ, ಕೊನೆಗೆ ಸತ್ತೇ ಹೋಯ್ತಂತೆ 💔

ಸುಳ್ಳು ಕಣ್ರೀ. ಆ ಕೈ ಓಡೋದು ಕರೆಂಟಲ್ಲಿ. ಕೆಂಪಗಿರೋದು ಬಣ್ಣ ಹಾಕಿದ ಮಂದ ನೀರು. ಚೀನಾದ ಕಲಾವಿದರು ಸುನ್ ಯುವಾನ್ ಮತ್ತು ಪೆಂಗ್ ಯು 2016ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂಗೆ ಮಾಡಿದ ಕೃತಿ ಅದು, ಹೆಸರು ‘ಕಾಂಟ್ ಹೆಲ್ಪ್ ಮೈಸೆಲ್ಫ್’. 2019ರಲ್ಲಿ ವೆನಿಸ್ ಬಿಯನಾಲೆಯಲ್ಲೂ ಇತ್ತು. ಗಡಿ, ಕಾವಲು, ಹಿಂಸೆ ಇವೇ ಅದರ ವಿಷಯ. ನಡುನಡುವೆ ಕುಣಿಯೋದನ್ನೂ ಅದಕ್ಕೆ ಕಲಿಸಿದ್ರು!

ಆದ್ರೆ ಜನ ಅದರಲ್ಲಿ ನೋಡಿದ್ದು ತಮ್ಮನ್ನೇ: ಓವರ್‌ಟೈಮ್, ಇಎಂಐ, ಎಷ್ಟು ದುಡಿದರೂ ಮುಗಿಯದ ತಿಂಗಳು.

ಒಂದು ಲೆಕ್ಕದಲ್ಲಿ ಜನ ಓದಿದ್ದೂ ತಪ್ಪಲ್ಲ. ‘ರೋಬೋಟ್’ ಅನ್ನೋ ಪದ ಹುಟ್ಟಿದ್ದು ಲ್ಯಾಬಲ್ಲಲ್ಲ, ನಾಟಕದಲ್ಲಿ. 1920ರಲ್ಲಿ ಜೆಕ್ ಲೇಖಕ ಕಾರೆಲ್ ಚಾಪೆಕ್ ಬರೆದ ‘ಆರ್.ಯು.ಆರ್.’ ನಾಟಕ. ಪದ ಸೂಚಿಸಿದ್ದು ಅವರಣ್ಣ ಜೋಸೆಫ್, ಪೇಂಟರ್. ಮೂಲ ಪದ ‘ರೋಬೋತಾ’, ಅಂದ್ರೆ ಬಿಟ್ಟಿ ಚಾಕರಿ. ಶುರುವಿಂದಲೂ ಅದು ದುಡಿಯೋರ ಕಥೆನೇ.

ಹಾಗಾಗಿ ಅಳು ಬಂದ್ರೆ ನಾಚ್ಕೋಬೇಡಿ. ಒಂದೇ ಪ್ರಶ್ನೆ: ದಿನಾ ನಮ್ಮ ಕಾಲೇಜ್ ಕಾರಿಡಾರ್ ಒರೆಸ್ತಾರಲ್ಲ, ಆ ಅಕ್ಕನ ಹೆಸರು ನಿಮಗೆ ಗೊತ್ತಾ? ನಾವು ಕಾಲಿಟ್ಟ ಕಡೆಯೆಲ್ಲ ಅವರು ಮತ್ತೆ ಒರೆಸಬೇಕು. ಅವರ ರೀಲ್ ಯಾರೂ ಮಾಡಿಲ್ಲ. ನಾಳೆ ಹೆಸರು ಕೇಳಿ. ಒಣಗೋವರೆಗೂ ಒಂದು ನಿಮಿಷ ನಿಲ್ಲಿ.